ಕಾರು ಕಡಿಮೆಯಾದ ಪೇಟೆಗೆ ಮಾಲು ತರುವ ಗಾಡಿ

ಪೇಟೆಯೊಳಗೆ ಕಾರು ಕಡಿಮೆ ಮಾಡೋಣ ಎಂದು ಯಾರಾದರೂ ಹೇಳಿದರೆ ಗದಗಿನ ವ್ಯಾಪಾರಿ ಮೊದಲು ಕೇಳುವುದು, "ಹಂಗಾದ್ರ ನಮ್ಮ ಅಂಗಡಿಗೆ ಮಾಲು ಹೆಂಗ ಬರಬೇಕ್ರಿ?" ಎಂದು. ಪ್ರಶ್ನೆ ಸರಿಯಾಗಿದೆ. ಈ ವಿಷಯಕ್ಕೆ ಹೊಸದಾಗಿ ಬಂದವರು ಇಲ್ಲಿಂದಲೇ ಆರಂಭಿಸುವುದು ಒಳ್ಳೆಯದು. ಕಾರು ಕಡಿಮೆ ಇರುವ ಊರಿನಲ್ಲಿ ಕೂಡ ಅಕ್ಕಿ ಚೀಲ ಬರಬೇಕು, ಗ್ಯಾಸ್ ಸಿಲಿಂಡರ್ ಬರಬೇಕು, ಕಸ ಹೊರಗೆ ಹೋಗಬೇಕು. ಅದಕ್ಕೆ ಬೇಕಾದ ಗಾಡಿಗಳನ್ನು ನಾನು ದುಡಿಯುವ ಗಾಡಿಗಳು ಎನ್ನುತ್ತೇನೆ. ಕಾರನ್ನು ತಡೆಯುವ ಯೋಜನೆ ಇವುಗಳಿಗೆ ದಾರಿ ಬಿಡುವ ಯೋಜನೆಯೂ ಆಗಿರಬೇಕು.

ಗದಗಿನ ಗ್ರೇನ್ ಮಾರ್ಕೆಟ್ ಅನ್ನೇ ತೆಗೆದುಕೊಳ್ಳಿ. ಅಲ್ಲಿ ಹಮಾಲರು, ಕೈಗಾಡಿ, ಗೂಡ್ಸ್ ಆಟೋ, ಟಾಟಾ ಏಸ್ ಎಲ್ಲವೂ ಒಂದೇ ರಸ್ತೆಯಲ್ಲಿ ಕೆಲಸ ಮಾಡಬೇಕು. ಅಂಗಡಿಯ ಮುಂದೆ ಒಂದು ಕಾರು ಗಂಟೆಗಟ್ಟಲೆ ನಿಂತರೆ ಗೂಡ್ಸ್ ಗಾಡಿ ರಸ್ತೆಯ ನಡುವೆಯೇ ನಿಂತು ಚೀಲ ಇಳಿಸುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಬೈಗುಳ ತಿನ್ನುವವನು ಗೂಡ್ಸ್ ಗಾಡಿಯ ಚಾಲಕ. ಆದರೆ ಜಾಗ ಹಿಡಿದದ್ದು ನಿಂತ ಕಾರು. ಬೆಟಗೇರಿಯ ನೇಕಾರರ ಓಣಿಗಳಲ್ಲಂತೂ ಒಂದೇ ಕಾರು ಸಾಕು, ನೂಲಿನ ಗಂಟು ಹೊತ್ತ ಗಾಡಿ ಒಳಗೆ ಬರುವುದೇ ಇಲ್ಲ.

ಸಣ್ಣ ಲೆಕ್ಕ ಮಾಡೋಣ. 2005ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಟಾಟಾ ಏಸ್‌ಗೆ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, ಅಗಲ ಸುಮಾರು ಒಂದೂವರೆ ಮೀಟರ್, ಹೊರುವ ಭಾರ 750 ಕಿಲೋ. 50 ಕಿಲೋದ ಸಿಮೆಂಟ್ ಚೀಲವಾದರೆ ಹದಿನೈದು. ಮನೆಗೆ ಬರುವ ಗ್ಯಾಸ್ ಸಿಲಿಂಡರ್ ಅನಿಲ ಸೇರಿ ಸುಮಾರು 30 ಕಿಲೋ ತೂಗುತ್ತದೆ, ಅಂದರೆ ಇಪ್ಪತ್ತೈದು ಮನೆಗಳ ಒಲೆ ಒಂದೇ ಸುತ್ತಿನಲ್ಲಿ. ಕಾರು ಸಾಮಾನ್ಯವಾಗಿ ಇದಕ್ಕಿಂತ ಅಗಲ, ಹೆಚ್ಚಾಗಿ ತರುವುದು ಒಬ್ಬಿಬ್ಬರನ್ನು, ಆಮೇಲೆ ದಿನದ ಬಹುಪಾಲು ನಿಂತೇ ಇರುತ್ತದೆ. ರಸ್ತೆಯ ಅಗಲ ಹಂಚುವಾಗ ಯಾರಿಗೆ ಮೊದಲ ಹಕ್ಕು ಎಂಬುದು ಈ ಲೆಕ್ಕದಲ್ಲೇ ಇದೆ.

ಇದನ್ನು ಮಾಡಿ ತೋರಿಸಿದ ಊರುಗಳಿವೆ. ಸ್ಪೇನಿನ ಪೊಂತೆವೇದ್ರ 1999ರಿಂದ ತನ್ನ ಹಳೆಯ ಪೇಟೆಯನ್ನು ನಡೆಯುವವರಿಗೆ ಬಿಟ್ಟುಕೊಡುತ್ತ ಬಂದಿದೆ. ಗದಗ-ಬೆಟಗೇರಿಯ ಜನಸಂಖ್ಯೆ 2011ರ ಗಣತಿಯಂತೆ ಸುಮಾರು 1.72 ಲಕ್ಷ, ಪೊಂತೆವೇದ್ರದ್ದು ಅದರ ಅರ್ಧದಷ್ಟು. ಅಲ್ಲಿ ಮಾಲಿನ ಗಾಡಿಗೆ ನಿಷೇಧವಿಲ್ಲ. ಒಳಗೆ ಬಾ, ಇಳಿಸು, ಹೊರಡು ಎನ್ನುತ್ತಾರೆ. ನಿಷೇಧವಿರುವುದು ಸುಮ್ಮನೆ ಹಾದುಹೋಗುವ ಮತ್ತು ನಿಂತುಬಿಡುವ ಕಾರಿಗೆ. ನೆರೆಯ ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ ಕಾರುಗಳು ಊರ ಹೊರಗಿನ ದಸ್ತೂರಿ ನಾಕಾದಲ್ಲೇ ನಿಲ್ಲಬೇಕು, ಆಂಬುಲೆನ್ಸಿಗೆ ಒಳಗೆ ಹೋಗಲು ಅವಕಾಶವಿದೆ. ಆದರೆ ಅಲ್ಲಿ ಸಾಮಾನಿನ ಭಾರವೆಲ್ಲ ಬಹುಕಾಲ ಕುದುರೆಗಳ ಮೇಲೂ ಕೈಗಾಡಿ ಎಳೆಯುವವರ ಮೇಲೂ ಬಿತ್ತು. ಹೊರುವವರ ಬೆನ್ನು ಮುರಿದು ಊರನ್ನು ಶಾಂತವಾಗಿಡುವುದು ನ್ಯಾಯವಲ್ಲ. ನಮ್ಮ ಪೇಟೆಗೆ ಪೊಂತೆವೇದ್ರದ ದಾರಿಯೇ ಹೊಂದುತ್ತದೆ: ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಮಾಲು ಇಳಿಸಲು ಹೊತ್ತು, ಪ್ರತಿ ರಸ್ತೆಯಲ್ಲೂ ಬಣ್ಣದ ಗೆರೆ ಎಳೆದ ಇಳಿಸುವ ಜಾಗ, ಆ ಜಾಗದಲ್ಲಿ ಕಾರು ನಿಂತರೆ ದಂಡ. ಸಾಮಾನಿಗೆ ಮಾತ್ರವಲ್ಲ, 2008ರಿಂದ ರಾಜ್ಯದಲ್ಲಿ ಓಡುತ್ತಿರುವ 108 ಆಂಬುಲೆನ್ಸಿಗೂ ಅಗ್ನಿಶಾಮಕ ಗಾಡಿಗೂ ಬೇಕಾದದ್ದು ಈ ತೆರವಾದ ದಾರಿಯೇ. ಬೇಸಿಗೆಯಲ್ಲಿ ನಲ್ಲಿಗೆ ನೀರು ಬಾರದೆ ಟ್ಯಾಂಕರ್ ಕಾಯುವ ಓಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಮಾತು ಸ್ವಲ್ಪ ಬೇರೆ. ಮೂರೂ ಊರುಗಳಿಗೆ ರೈಲಿಲ್ಲ, ಬರುವುದೆಲ್ಲ ರಸ್ತೆಯ ಮೇಲೆ. ಶೇಂಗಾ, ಉಳ್ಳಾಗಡ್ಡಿ ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳು ಸಾಲುಗಟ್ಟುತ್ತವೆ. ಇಂಥ ದೊಡ್ಡ ಗಾಡಿ ಬಜಾರಿನ ಒಳಗೆ ತಿರುಗಲಾರದು, ತಿರುಗಬಾರದು ಕೂಡ. ಊರ ಅಂಚಿನಲ್ಲಿ ದೊಡ್ಡ ಗಾಡಿಯಿಂದ ಸಣ್ಣ ಗಾಡಿಗೆ ಮಾಲು ಬದಲಾಯಿಸಲು ನೆರಳು ಮತ್ತು ಕಟ್ಟೆ ಇರುವ ಒಂದು ಜಾಗ ಬೇಕು. ಕಟ್ಟೆ ಗಾಡಿಯ ಎತ್ತರಕ್ಕೇ ಇದ್ದರೆ ಹಮಾಲರು ಬಗ್ಗಿ ಎತ್ತುವ ಕಷ್ಟ ತಪ್ಪುತ್ತದೆ. ಅಲ್ಲಿಂದ ಅಂಗಡಿಗೆ ಬ್ಯಾಟರಿಯ ಮೂರು ಗಾಲಿಯ ಗಾಡಿ ಸಾಕು: ದೂರ ಕಡಿಮೆ, ಮತ್ತೆ ಮತ್ತೆ ನಿಂತು ಹೊರಡುವ ಕೆಲಸ, ರಾತ್ರಿ ಚಾರ್ಜಿಗೆ ಬಿಡುವು.

ಸಣ್ಣ ಕಿರಾಣಿ ಅಂಗಡಿಯವರು ಪ್ರತಿಯೊಬ್ಬರೂ ಒಂದೊಂದು ಗಾಡಿ ಕೊಳ್ಳಬೇಕೇ? ಬೇಡ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರಿಗೆ ಸಿಗದ ಸಾಲ ಹತ್ತು ಜನ ಕೂಡಿದರೆ ಸಿಗುತ್ತದೆ ಎಂಬುದು ಈ ನೆಲಕ್ಕೆ ಹೊಸದಲ್ಲ. ರೈತರು ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಟ್ರ್ಯಾಕ್ಟರನ್ನು ಬಾಡಿಗೆಗೆ ಪಡೆಯುವುದೂ ಈಗ ರೂಢಿ. ಹಾಗೆಯೇ ಒಂದು ಬಜಾರಿನ ಅಂಗಡಿಗಳು ಕೂಡಿ ಎರಡು ಮೂರು ಗಾಡಿ ಇಟ್ಟುಕೊಂಡು, ಈಗ ಗೂಡ್ಸ್ ಆಟೋ ಓಡಿಸುವವರನ್ನೇ ತಿಂಗಳ ಪಗಾರಕ್ಕೆ ನೇಮಿಸಬಹುದು. ನಗರಸಭೆ, ಪುರಸಭೆಗಳು ಮಾಡಬೇಕಾದದ್ದು ಇಳಿಸುವ ಜಾಗ ಗುರುತಿಸುವುದು, ಚಾರ್ಜಿಂಗ್ ಕಂಬ ನೆಡುವುದು. ಮೊದಲ ಪ್ರಯೋಗಕ್ಕೆ ಗ್ರೇನ್ ಮಾರ್ಕೆಟ್ಟಿನ ಒಂದು ರಸ್ತೆ ಸಾಕು. ಯಾವ ಹೊತ್ತಿಗೆ ಮಾಲು ಇಳಿಯಬೇಕೆಂದು ಚಾಲಕರನ್ನೂ ಹಮಾಲರನ್ನೂ ಕೂರಿಸಿಕೊಂಡು ಕೇಳಿಯೇ ನಿರ್ಧರಿಸಬೇಕು.