ಅಜ್ಜನ ಪೆಟ್ಟಿಗೆಯ ಹುಲಿಯುಗುರು

ಮಕ್ಕಳೇ, ಮನೆ ಪಾಲಾಗುವಾಗ, ಅಟ್ಟ ತೆರವು ಮಾಡುವಾಗ, ಅಜ್ಜಿಯ ಒಡವೆ ಪೆಟ್ಟಿಗೆ ತೆರೆಯುವಾಗ ಕೆಲವು ವಸ್ತುಗಳು ನಿಮ್ಮ ಕೈ ಸೇರುತ್ತವೆ. ಚಿನ್ನದ ಕಟ್ಟು ಹಾಕಿಸಿದ ಹುಲಿಯುಗುರು, ಚಿರತೆಯ ಹಲ್ಲು, ಆನೆಬಾಲದ ಕೂದಲಿನ ಉಂಗುರ, ಗೋಡೆಗೆ ಬಡಿದಿದ್ದ ಕಡವೆಯ ಕೊಂಬು. ಮಲೆನಾಡು, ಕೊಡಗಿನ ಹಳೆಯ ಮನೆಗಳಲ್ಲಿ ಇವು ಅಪರೂಪವಲ್ಲ. ಇವನ್ನು ಏನು ಮಾಡಬೇಕೆಂಬುದನ್ನು ನೀವು ಈಗಲೇ ತಿಳಿದಿರಬೇಕು.

ಮೊದಲು ಹಿರಿಯರನ್ನು ಅರ್ಥ ಮಾಡಿಕೊಳ್ಳಿ. ಅವರ ಕಾಲಕ್ಕೆ ಬೇಟೆ ಶೌರ್ಯದ ಗುರುತು. ಕೊಡಗಿನಲ್ಲಿ ಹುಲಿ ಹೊಡೆದವನನ್ನು ಮದುಮಗನಂತೆ ಕೂರಿಸಿ ‘ನರಿ ಮಂಗಲ’, ಅಂದರೆ ಹುಲಿ ಮದುವೆ, ಮಾಡುತ್ತಿದ್ದರು. ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ರಾಜರು, ದೊರೆಗಳು ಹೊಡೆದ ಹುಲಿಗಳ ಚರ್ಮ ಹದಮಾಡಿ ನಿಲ್ಲಿಸಿಕೊಡುತ್ತಿತ್ತು. ಮಗು ಬೆಚ್ಚಬಾರದು, ದೃಷ್ಟಿ ತಾಗಬಾರದು ಎಂದು ತಾಯಂದಿರು ಅದರ ಕೊರಳಿಗೆ ಉಗುರು ಕಟ್ಟಿದರು. ಇಂದಿನ ಅಳತೆಗೋಲು ಹಿಡಿದು ಅವರನ್ನು ಹೀಗಳೆಯಬೇಡಿ. ಹಾಗೆಂದು ಅವರ ಕಾಲವನ್ನು ನಿಮ್ಮ ಕೊರಳಿಗೆ ಕಟ್ಟಿಕೊಳ್ಳಲೂಬೇಡಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಇಂಥ ವಸ್ತು ಇಟ್ಟುಕೊಳ್ಳಲು ಮಾಲೀಕತ್ವದ ಪ್ರಮಾಣಪತ್ರ ಬೇಕು. ಅದಿಲ್ಲದೆ ಹುಲಿಯುಗುರು ಸಿಕ್ಕಿದರೆ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. ‘ಇದು ಅಜ್ಜನ ಕಾಲದ್ದು’ ಎಂದರೆ ಸಾಲದು, ಇಟ್ಟುಕೊಳ್ಳುವ ಹಕ್ಕು ನಿಮಗಿದೆ ಎಂದು ನೀವೇ ತೋರಿಸಬೇಕು. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕ ಹಾಕಿಕೊಂಡು ಟಿವಿ ರಿಯಾಲಿಟಿ ಶೋದಲ್ಲಿ ಕಾಣಿಸಿಕೊಂಡ ಸ್ಪರ್ಧಿಯನ್ನು ಅರಣ್ಯ ಇಲಾಖೆ ಬಂಧಿಸಿದ್ದನ್ನು ನಾಡೆಲ್ಲ ನೋಡಿದೆ.

ಆದ್ದರಿಂದ ಮೊದಲ ಕೆಲಸ, ಮನೆಯ ಹಳೆಯ ಕಾಗದಗಳಲ್ಲಿ ಆ ಪ್ರಮಾಣಪತ್ರ ಇದೆಯೇ ಎಂದು ಹುಡುಕುವುದು. ಇದ್ದರೆ, ಹಿರಿಯರ ನಂತರ ವಸ್ತು ನಿಮಗೆ ಬಂದ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಿ. ಪತ್ರವಿದ್ದರೂ ಮಾರುವ ಹಕ್ಕಿಲ್ಲ.

ಪತ್ರವಿಲ್ಲದಿದ್ದರೆ ಒಪ್ಪಿಸಿಬಿಡಿ. ಆದರೆ ತನ್ನಿಚ್ಛೆಯಿಂದ ಒಪ್ಪಿಸಲು ಕಾಯ್ದೆಯ 2022ರ ತಿದ್ದುಪಡಿ ಮಾಡಿಕೊಟ್ಟ ದಾರಿ ಪತ್ರ ಇರುವವರಿಗೆ ಮಾತ್ರ. ಹೇಗೆ ಒಪ್ಪಿಸಿದರೂ ಪರಿಹಾರ ಸಿಗುವುದಿಲ್ಲ, ವಸ್ತು ಸರ್ಕಾರದ್ದಾಗುತ್ತದೆ. ಅದಕ್ಕೇ ಪತ್ರವಿಲ್ಲದವರು ಮೊದಲು ಒಬ್ಬ ವಕೀಲರನ್ನು ಕೇಳಿ, ವಸ್ತು ಯಾರಿಂದ ಹೇಗೆ ಬಂತೆಂದು ಇದ್ದದ್ದು ಇದ್ದಂತೆ ಬರೆದು, ಅರಣ್ಯ ಇಲಾಖೆಯಿಂದ ಸ್ವೀಕೃತಿ ಪಡೆಯಿರಿ. ಹೆದರಿಕೊಂಡು ಹೊಳೆಗೆ ಎಸೆಯಬೇಡಿ, ಒಲೆಗೆ ಹಾಕಬೇಡಿ. ಚಿನ್ನ ಬಿಡಿಸಲೆಂದು ಅಕ್ಕಸಾಲಿಗರ ಬಳಿ ಒಯ್ಯಬೇಡಿ. ಹೊರದೇಶದಲ್ಲಿರುವ ಮಗಳ ಸೂಟ್‌ಕೇಸಿನಲ್ಲಿ ನೆನಪಿಗೆಂದು ಇಡಲೇಬೇಡಿ. ಪೇಟೆಯಲ್ಲಿ ದನದ ಕೊಂಬು, ಪ್ಲಾಸ್ಟಿಕ್ಕಿನ ನಕಲಿ ಉಗುರುಗಳೂ ಇವೆ. ‘ನಮ್ಮದು ನಕಲಿಯೇ ಇರಬೇಕು’ ಎಂದು ನೀವೇ ತೀರ್ಮಾನಿಸಬೇಡಿ. ಅದು ಪ್ರಯೋಗಾಲಯ ಹೇಳಬೇಕಾದ ಮಾತು.

ಶಿಕ್ಷೆಯ ಭಯಕ್ಕಿಂತ ದೊಡ್ಡ ಕಾರಣವೊಂದಿದೆ. ಒಂದು ಹುಲಿಗೆ ಇರುವುದು 18 ಉಗುರು. ನಿಮ್ಮ ಕೊರಳಿನದು ಎಪ್ಪತ್ತು ವರ್ಷ ಹಳೆಯದಿರಬಹುದು, ಆದರೆ ಅದನ್ನು ಕಂಡು ಆಸೆಪಟ್ಟವನಿಗೆ ಹಳೆಯದು ಎಲ್ಲಿ ಸಿಗಬೇಕು? ಅವನಿಗಾಗಿ ಕಾಡಿನಲ್ಲಿ ಯಾರೋ ಉರುಳು ಒಡ್ಡುತ್ತಾನೆ. 1972ರ ಗಣತಿಯಲ್ಲಿ ದೇಶದಲ್ಲೆಲ್ಲ 1827 ಹುಲಿಗಳಷ್ಟೇ ಉಳಿದಿದ್ದವು. ಮರುವರ್ಷ ಹುಲಿ ಯೋಜನೆ ಬಂತು, ಬಂಡೀಪುರವೂ ಮೊದಲ ಒಂಬತ್ತು ತಾಣಗಳಲ್ಲಿ ಸೇರಿತು. 2022ರ ಗಣತಿಗೆ ಕರ್ನಾಟಕ ಒಂದರಲ್ಲೇ 563 ಹುಲಿಗಳು. ಇದು ಕಾಡು ಕಾದವರ ದುಡಿಮೆಯ ಫಲ, ನಮ್ಮ ಅಲಂಕಾರದ ಆಸೆಗೆ ಬಲಿಯಾಗಬಾರದು.

ಅಜ್ಜನ ನೆನಪು ಉಗುರಿನೊಂದಿಗೆ ಹೋಗಿಬಿಡುವುದಿಲ್ಲ. ಅವರ ಫೋಟೊ ಇದೆ, ಅವರು ಹೇಳಿದ ಕಾಡಿನ ಕಥೆಗಳಿವೆ. ಅವನ್ನು ಬರೆದಿಡಿ, ನಿಮ್ಮ ಮಕ್ಕಳಿಗೆ ಹೇಳಿ. ಉಗುರನ್ನು ಮಾತ್ರ ಮುಂದಿನ ತಲೆಮಾರಿಗೆ ದಾಟಿಸಬೇಡಿ. ಹಿರಿಯರು ಇರುವಾಗಲೇ ಅವರೊಡನೆ ಕುಳಿತು ಮಾತಾಡಿ, ಈ ಕೆಲಸ ಮುಗಿಸಿ.