ರೋಬೋ ಚೆನ್ನಾಗಿದೆಯಾ? ಕಣ್ಣನ್ನೇ ಕೇಳೋಣ

ಮನುಷ್ಯನ ಹಾಗೆ ತಲೆ, ಕೈ, ಕಾಲು ಇರುವ ಯಂತ್ರಕ್ಕೆ ಹ್ಯೂಮನಾಯ್ಡ್ ರೋಬೋ ಅಂತಾರೆ. ಅದರ ರೂಪ ಜನಕ್ಕೆ ಒಪ್ಪಿಗೆಯಾಯಿತೋ ಇಲ್ಲವೋ ಅಂತ ತಿಳಿಯೋದು ಹೇಗೆ? ನೋಡಿದವರನ್ನೇ ಕೇಳಿದರಾಯಿತು ಅಂತೀರಿ. ಆದರೆ ನೆಂಟರ ಮನೆಯ ಪಾಯಸ ಹೇಗಿದ್ದರೂ ಚೆನ್ನಾಗಿದೆ ಅನ್ನೋದಿಲ್ಲವೇ? ಅದಕ್ಕೇ ವಿಜ್ಞಾನಿಗಳು ಬಾಯಿಯ ಜೊತೆ ಕಣ್ಣನ್ನೂ ಕೇಳುತ್ತಾರೆ.

ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ನಮ್ಮ ಕಣ್ಣಿಗೆ ಬಹಳ ಸ್ಪಷ್ಟವಾಗಿ ಕಾಣೋದು ಹೆಚ್ಚು ಕಮ್ಮಿ ಆ ಉಗುರಿನಷ್ಟು ಜಾಗ ಮಾತ್ರ. ಸುತ್ತಲಿನದೆಲ್ಲ ಮಸುಕು. ಆದ್ದರಿಂದ ಕಣ್ಣು ಸೆಕೆಂಡಿಗೆ ಸುಮಾರು 3 ಸಲ ಅಲ್ಲಿಂದಿಲ್ಲಿಗೆ ಜಿಗಿಯುತ್ತಲೇ ಇರುತ್ತದೆ. ನಂಬಿಕೆ ಬಾರದಿದ್ದರೆ ಪಕ್ಕದವರು ಈ ಗೋಡೆ ಪತ್ರಿಕೆ ಓದುವಾಗ ಅವರ ಕಣ್ಣನ್ನು ನೋಡಿ. ಸಾಲಿನ ಮೇಲೆ ಅದು ಜಾರೋದಿಲ್ಲ, ಕುಪ್ಪಳಿಸುತ್ತದೆ.

ಈ ಜಿಗಿತವನ್ನು ಹಿಡಿಯುವ ಯಂತ್ರವೇ ಐ ಟ್ರ್ಯಾಕರ್. ನಮಗೆ ಕಾಣದ ಅವಕೆಂಪು ಬೆಳಕನ್ನು ಅದು ಕಣ್ಣಿನ ಮೇಲೆ ಬಿಡುತ್ತದೆ. ಕಣ್ಣಿನಲ್ಲಿ ಒಂದು ಸಣ್ಣ ಮಿನುಗು ಏಳುತ್ತದೆ. ಆ ಮಿನುಗಿನಿಂದ ಪಾಪೆ ಎಷ್ಟು ದೂರ, ಯಾವ ಕಡೆ ಸರಿಯಿತು ಅಂತ ಕ್ಯಾಮೆರಾ ನೋಡುತ್ತದೆ. ದೃಷ್ಟಿ ಎಲ್ಲಿ ಬಿತ್ತು, ಎಷ್ಟು ಹೊತ್ತು ನಿಂತಿತು ಅನ್ನೋದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಮೊದಲು ಪರದೆಯ ಮೇಲೆ ಕೆಲವು ಚುಕ್ಕೆಗಳನ್ನು ತೋರಿಸಿ ಆ ಕಣ್ಣಿನ ಪರಿಚಯ ಮಾಡಿಕೊಂಡಿರುತ್ತದೆ.

ಇದೆಲ್ಲ ಯಾಕೆ ಬೇಕಾಯಿತು ಅಂದರೆ, 1970ರಲ್ಲಿ ಜಪಾನಿನ ಮಸಾಹಿರೊ ಮೋರಿ ಒಂದು ವಿಚಾರ ಬರೆದರು. ರೋಬೋ ಮನುಷ್ಯನನ್ನು ಹೋಲುತ್ತಾ ಹೋದಂತೆ ನಮಗೆ ಇಷ್ಟವಾಗುತ್ತದೆ, ಆದರೆ ಬಹುಪಾಲು ಹೋಲಿ ಸ್ವಲ್ಪ ಮಾತ್ರ ತಪ್ಪಿದರೆ ಮೈ ಜುಮ್ಮೆನ್ನುತ್ತದೆ! ಕೃತಕ ಕೈಯನ್ನು ನಿಜದ ಕೈ ಅಂದುಕೊಂಡು ಕುಲುಕಿದಾಗ ಅದು ತಣ್ಣಗಿದ್ದರೆ ಹೇಗಿರುತ್ತೆ, ಹಾಗೆ. ಇಷ್ಟ ಹೀಗೆ ದಿಢೀರನೆ ಕುಸಿಯೋದನ್ನು ಅವರು ಕಣಿವೆ ಅಂತ ಕರೆದರು.

ಒಸಾಕಾ ವಿಶ್ವವಿದ್ಯಾಲಯದಲ್ಲಿ ಹಿರೋಶಿ ಇಶಿಗುರೊ ಅವರ ತಂಡ ಮನುಷ್ಯರ ಅಚ್ಚಿನಂಥ ರೋಬೋಗಳನ್ನು ಮಾಡಿತು. 2000ದ ದಶಕದಲ್ಲಿ ಅವರು ಮಾಡಿದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಕಷ್ಟದ ಪ್ರಶ್ನೆ ಕೇಳಿದರೆ ನಾವು ಯೋಚಿಸುತ್ತಾ ಎದುರಿನವರ ಕಣ್ಣು ತಪ್ಪಿಸುತ್ತೇವಲ್ಲ? (ಗಣಿತದ ಪಿರಿಯಡ್ಡಿನಲ್ಲಿ ಇದು ಎಲ್ಲರಿಗೂ ಗೊತ್ತು.) ಪ್ರಶ್ನೆ ಕೇಳೋರು ಮನುಷ್ಯರಾದರೆ, ಮನುಷ್ಯನಂಥ ರೋಬೋ ಆದರೆ, ಬರೀ ಯಂತ್ರದಂಥ ರೋಬೋ ಆದರೆ, ಉತ್ತರ ಕೊಡುವವರ ದೃಷ್ಟಿ ಎತ್ತ ಹೋಗುತ್ತದೆ ಅಂತ ಅಳೆದು ಹೋಲಿಸಿದರು. ಮನುಷ್ಯರ ಮುಂದೆ ಸರಿದ ಹಾಗೆಯೇ ರೋಬೋ ಮುಂದೆಯೂ ಕಣ್ಣು ಸರಿದರೆ, ಮನಸ್ಸು ಅದನ್ನು ಮನುಷ್ಯ ಅಂತಲೇ ಎಣಿಸಿತು ಅನ್ನಬಹುದು. ಬಾಯಿಂದ ಒಂದು ಮಾತೂ ಕೇಳಬೇಕಿಲ್ಲ.

ಆದರೂ ಹೆಚ್ಚು ಹೊತ್ತು ನೋಡಿದರೆ ಇಷ್ಟ ಅಂತ ಅರ್ಥ ಅಲ್ಲ. ಕಟ್ಟುತ್ತಿರುವ ಮನೆಗೆ ತೂಗುಹಾಕಿದ ದೃಷ್ಟಿಬೊಂಬೆಯನ್ನು ನಾವು ಎಷ್ಟು ಹೊತ್ತು ನೋಡುತ್ತೇವೆ! ಅದೇನು ಚೆಂದ ಅಂತಲೇ? ಕಣ್ಣು ನಿಂತ ಜಾಗವನ್ನು ಯಂತ್ರ ಹೇಳುತ್ತದೆ, ನಿಂತ ಕಾರಣವನ್ನು ಹೇಳೋದಿಲ್ಲ. ಹಾಗಾಗಿ ಕಣ್ಣಿನ ಲೆಕ್ಕ ಮುಗಿದ ಮೇಲೆ, ರೋಬೋ ನಿಮಗೆ ಹೇಗನಿಸಿತು ಅಂತ ಕೇಳುವ ಪ್ರಶ್ನೆಪತ್ರಿಕೆಯನ್ನೂ ಕೈಗೆ ಕೊಡಬೇಕಾಗುತ್ತದೆ.