ಒಬ್ಬ ಗ್ರಾಹಕನ ಬೆಲೆ ಎಷ್ಟು? ದೋಸೆ ಹಿಟ್ಟಿನಲ್ಲೊಂದು ಲೆಕ್ಕ

ಹಾಸ್ಟೆಲ್ ರೂಮಿನ ಸ್ಟಾರ್ಟಪ್ ಮಾತುಕತೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ: ಒಬ್ಬ ಹೊಸ ಗ್ರಾಹಕನನ್ನು ತರೋಕೆ ಎಷ್ಟು ದುಡ್ಡು ಹಾಕಬಹುದು? ಆತ ನಮ್ಮ ಹತ್ತಿರ ಕೊಳ್ಳುವಷ್ಟು ಕಾಲ ಒಟ್ಟು ಎಷ್ಟು ಲಾಭ ಕೊಡ್ತಾನೆ ಅನ್ನೋದು ಗೊತ್ತಾದರೆ ಉತ್ತರ ಸಿಗುತ್ತೆ. ಇದನ್ನೇ ಕಸ್ಟಮರ್ ಲೈಫ್‌ಟೈಮ್ ವ್ಯಾಲ್ಯೂ, ಚಿಕ್ಕದಾಗಿ ಸಿಎಲ್‌ವಿ ಅಂತಾರೆ. ದೊಡ್ಡ ಕಂಪನಿಗಳ ಹತ್ತಿರ ವರ್ಷಗಟ್ಟಲೆ ದಾಖಲೆ ಇರುತ್ತೆ. ಹೊಸ ವ್ಯಾಪಾರದ ಹತ್ತಿರ ಇರೋದು ಒಂದು ನೋಟ್‌ಬುಕ್, ಅದರಲ್ಲಿ ಒಂದಷ್ಟು ಹೆಸರು. ಅಷ್ಟರಲ್ಲೇ ಲೆಕ್ಕ ಹಾಕೋಣ.

ನಾವು ಕಾಲೇಜಿನ ಪಕ್ಕದ ಬಡಾವಣೆಯಲ್ಲಿ ದೋಸೆ ಹಿಟ್ಟು ಮಾರ್ತೀವಿ ಅಂದುಕೊಳ್ಳಿ. ಪ್ಯಾಕೆಟ್‌ಗೆ 60 ರೂಪಾಯಿ. ಅಕ್ಕಿ, ಉದ್ದು, ಕರೆಂಟು, ಪ್ಯಾಕಿಂಗ್, ಪೆಟ್ರೋಲು ಸೇರಿ ಖರ್ಚು 45. ಒಂದು ಮನೆಯವರು ತಿಂಗಳಿಗೆ 8 ಪ್ಯಾಕೆಟ್ ಕೊಂಡರೆ ನಮಗೆ ಬರೋದು 480, ಉಳಿಯೋದು 120. ಬಹಳ ಜನ ಇಲ್ಲೇ ಎಡವೋದು: 480 ಇಟ್ಟುಕೊಂಡು ಲೆಕ್ಕ ಹಾಕ್ತಾರೆ. ಸಿಎಲ್‌ವಿಗೆ ಬೇಕಾದದ್ದು ಉಳಿಯುವ 120 ಮಾತ್ರ.

ಮೊದಲ ತಿಂಗಳು 40 ಮನೆಗಳು ಕೊಂಡವು, ಎರಡನೇ ತಿಂಗಳು 8 ಮನೆಗಳು ಬರಲಿಲ್ಲ. ಅಂದರೆ ಬಿಟ್ಟುಹೋಗುವ ದರ ಶೇ 20. ಪ್ರತಿ ತಿಂಗಳೂ ಇದೇ ದರ ಅಂತ ಹಿಡಿದರೆ ಪಿಯುಸಿಯಲ್ಲಿ ಓದಿದ ಗುಣೋತ್ತರ ಶ್ರೇಣಿ ಬರುತ್ತೆ: 1 + 0.8 + 0.64 + ... ಇದರ ಮೊತ್ತ 1/0.2, ಅಂದರೆ 5 ತಿಂಗಳು. ಸಿಎಲ್‌ವಿ = 120 × 5 = 600 ರೂಪಾಯಿ.

ಈಗ ಗೆಳೆಯನೊಬ್ಬ ಹೇಳ್ತಾನೆ: "ಜಾಹೀರಾತು, ಫ್ರೀ ಪ್ಯಾಕೆಟ್ ಎಲ್ಲ ಸೇರಿ ಒಬ್ಬರಿಗೆ 400 ಖರ್ಚು ಮಾಡೋಣ ಕಣೋ, 200 ಲಾಭ!" ಒಪ್ಪೋ ಮೊದಲು ಮೂರು ವಿಷಯ ನೋಡಬೇಕು.

ಮೊದಲನೆಯದು, 40 ತುಂಬಾ ಸಣ್ಣ ಸ್ಯಾಂಪಲ್. ಸ್ಟ್ಯಾಂಡರ್ಡ್ ಎರರ್ √(0.2 × 0.8 / 40), ಸುಮಾರು 0.063. ಅದರ ಎರಡು ಪಟ್ಟು ಆಚೀಚೆ ಇಟ್ಟರೆ ನಿಜವಾದ ದರ ಶೇ 7ರಿಂದ ಶೇ 33ರವರೆಗೆ ಎಲ್ಲಾದರೂ ಇರಬಹುದು. ಅಂದರೆ ಸಿಎಲ್‌ವಿ 1,700 ಆಗಬಹುದು, 360ಕ್ಕೂ ಇಳಿಯಬಹುದು. 360 ಆದರೆ 400 ಖರ್ಚು ನೇರ ನಷ್ಟ.

ಎರಡನೆಯದು, ದುಡ್ಡು ಯಾವಾಗ ವಾಪಸ್ ಬರುತ್ತೆ? ಪ್ರತಿ ಗ್ರಾಹಕನಿಂದ ಸರಾಸರಿ ಮೊದಲ ತಿಂಗಳು 120, ಆಮೇಲೆ 96, 77, 61, 49. 400 ದಾಟೋಕೆ ಐದು ತಿಂಗಳು ಬೇಕು. ಅಕ್ಕಿ ಅಂಗಡಿಯವರು ಅಲ್ಲೀತನಕ ಸಾಲ ಕೊಡ್ತಾರಾ? ಲಾಭದ ವ್ಯಾಪಾರವೂ ಕೈಯಲ್ಲಿ ಕಾಸಿಲ್ಲದೆ ಮುಚ್ಚಬಹುದು.

ಮೂರನೆಯದು, ಗ್ರಾಹಕರೆಲ್ಲ ಒಂದೇ ಥರ ಅಲ್ಲ. ಪಿಜಿ ಹುಡುಗರು ಸೆಮಿಸ್ಟರ್ ಮುಗಿದರೆ ಊರಿಗೆ ಹೊರಡ್ತಾರೆ. ಅವರಿಗೆ ನಾಲ್ಕೇ ತಿಂಗಳು ಲೆಕ್ಕ ಹಿಡಿದರೆ ಸಿಎಲ್‌ವಿ 354. ಸಂಸಾರದ ಮನೆಗಳ ಲೆಕ್ಕ ಬೇರೆ. ಎರಡನ್ನೂ ಕಲಸಿ ಸರಾಸರಿ ತೆಗೆದರೆ ಇಬ್ಬರಿಗೂ ತಪ್ಪು ಉತ್ತರವೇ.

ರಿಲಯಬಿಲಿಟಿ ಓದಿದವರಿಗೆ ಬಾತ್‌ಟಬ್ ಕರ್ವ್ ನೆನಪಿರಬಹುದು: ಯಂತ್ರದ ಭಾಗಗಳು ಶುರುವಿನಲ್ಲೇ ಹೆಚ್ಚು ಕೆಡುತ್ತವೆ. ಗ್ರಾಹಕರಲ್ಲೂ ಹೀಗಾಗೋದುಂಟು. ರುಚಿ ನೋಡೋಕೆ ಬಂದವರು ಮೊದಲೇ ಹೋಗ್ತಾರೆ, ಉಳಿದವರು ಗಟ್ಟಿ. ಹಾಗಾಗಿ ಮೊದಲ ತಿಂಗಳ ದರವನ್ನೇ ಕೊನೇವರೆಗೂ ಎಳೆದರೆ ಸಿಎಲ್‌ವಿ ಕಡಿಮೆ ಕಾಣಬಹುದು. ಬಿಟ್ಟುಹೋದವರ ಅವಧಿಯನ್ನು ಮಾತ್ರ ಸರಾಸರಿ ಮಾಡಿದರೂ ಅದೇ ತಪ್ಪು, ಇನ್ನೂ ಕೊಳ್ಳುತ್ತಿರುವವರು ಲೆಕ್ಕಕ್ಕೇ ಬರಲ್ಲ.

ಹಾಗಾದರೆ ಮಾಡೋದೇನು? ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬರ ಮೊದಲ ಖರೀದಿಯ ತಾರೀಖು ಬರೆಯಿರಿ. ಜೂನ್‌ನಲ್ಲಿ ಬಂದವರು, ಜುಲೈನಲ್ಲಿ ಬಂದವರು ಅಂತ ಬೇರೆ ಬೇರೆ ಸಾಲು ಹಾಕಿ, ತಿಂಗಳು ತಿಂಗಳೂ ಎಷ್ಟು ಜನ ಉಳಿದರು ಅಂತ ತುಂಬಿ. ಹೊಸ ಅಂಕಿ ಬಂದಾಗೆಲ್ಲ ಲೆಕ್ಕ ತಿದ್ದಿ. ಅಲ್ಲೀತನಕ ಖರ್ಚಿನ ಮಿತಿಯನ್ನು 600 ನೋಡಿ ಇಡಬೇಡಿ, 360 ನೋಡಿ ಇಡಿ. ನಮ್ಮನ್ನು ಕೇಳಿದರೆ ಒಬ್ಬರಿಗೆ 200 ಸಾಕು: 120 + 96 = 216, ಎರಡೇ ತಿಂಗಳಲ್ಲಿ ಹಾಕಿದ ದುಡ್ಡು ಕೈಗೆ ಬರುತ್ತೆ. ದರ ಶೇ 33 ಆದರೂ ಎರಡು ತಿಂಗಳಿಗೆ 120 + 80, ಸರಿಯಾಗಿ 200. ಕೆಟ್ಟ ಲೆಕ್ಕದಲ್ಲೂ ಮುಳುಗಲ್ಲ.